ಬೇಚಿರಾಕ್ ಊರಿನ ಸರ್ವೆ ನಂಬರು: ಮುತ್ತಜ್ಜಿಯ ಹೆಸರು ಹುಡುಕಿದ ಐದು ತಿಂಗಳು

ಹೋದ ಜೂನ್‌ನಲ್ಲಿ ಶುರು ಮಾಡಿದ ಕೆಲಸ ನವೆಂಬರ್ ಮೊದಲ ವಾರಕ್ಕೆ ಒಂದು ಹಂತಕ್ಕೆ ಬಂತು. ಪೂರ್ತಿ ಮುಗಿದಿಲ್ಲ. ಹುಡುಕುತ್ತಿದ್ದದ್ದು ಮೂರು ಸಂಗತಿ: ಮುತ್ತಾತನ ಅಪ್ಪ ಯಾರು, ಮುತ್ತಜ್ಜಿಯ ಹೆಸರೇನು, ನಮ್ಮ ಮೂಲದ ಊರು ಎಲ್ಲಿದೆ. ಮೂರೂ ಸಿಕ್ಕವು. ಮುತ್ತಾತ ತೀರಿಕೊಂಡ ವರ್ಷ ಮಾತ್ರ ಸಿಕ್ಕಿಲ್ಲ. ಮನೆಯಲ್ಲಿ ಹಳೇ ಕಾಗದ ಇಟ್ಟುಕೊಂಡು ಎಲ್ಲಿಂದ ಶುರು ಮಾಡುವುದು ಎಂದು ಕೂತಿರುವವರಿಗೆ ಉಪಯೋಗ ಆಗಲಿ ಎಂದು ತಾರೀಖಿನ ಪ್ರಕಾರ ಬರೆದಿದ್ದೇನೆ. ಹೆಸರು, ಊರು ಬರೆದಿಲ್ಲ. ದಾಯಾದಿಗಳ ಜಮೀನು ಇನ್ನೂ ಅಲ್ಲಿದೆ.

ಜೂನ್ 8, ಭಾನುವಾರ: ಟ್ರಂಕು

ಹಾಸನದ ನಮ್ಮ ಮನೆಯ ಅಟ್ಟದಿಂದ ಅಪ್ಪನ ತಗಡಿನ ಟ್ರಂಕು ಇಳಿಸಿದೆ. ಒಳಗೆ ಹದಿನಾಲ್ಕು ಕಾಗದ. ಒಂಬತ್ತು ಕಂದಾಯ ರಸೀತಿ, ಒಂದು ಕ್ರಯಪತ್ರ, ತಾತನ ಜಾತಕ, ಮೂರು ಕಾಗದ ಪತ್ರ. ಅಪ್ಪನಿಗೆ ಗೊತ್ತಿದ್ದದ್ದು ಇಷ್ಟೇ: 'ನಾವು ಮಂಜರಾಬಾದ್ ಕಡೆಯವರು.'

ಮೊದಲು ಎಲ್ಲವನ್ನೂ ಫೋನಿನಲ್ಲಿ ಸ್ಕ್ಯಾನ್ ಮಾಡಬೇಕಿತ್ತು. ಮೊದಲ ಸಲ ಮಾಡಿದ್ದು ಪೂರ್ತಿ ಹಾಳು. ಟ್ಯೂಬ್‌ಲೈಟ್ ಕೆಳಗೆ, ಬಿಳಿ ಬೆಡ್‌ಶೀಟ್ ಮೇಲೆ ಇಟ್ಟು ತೆಗೆದಿದ್ದೆ. ಕಾಗದ ತೆಳ್ಳಗಿದ್ದರಿಂದ ಹಿಂದಿನ ಬರಹವೂ ಮುಂದೆ ಕಾಣುತ್ತಿತ್ತು. ಎರಡನೇ ಸಲ ಹತ್ತು ರೂಪಾಯಿಯ ಕಪ್ಪು ಚಾರ್ಟ್ ಹಾಳೆ ಕೆಳಗೆ ಹಾಸಿದೆ. ಹಿಂದಿನ ಬರಹ ಬಹುಮಟ್ಟಿಗೆ ಮಾಯ ಆಯಿತು. ಮಡಿಕೆ ನೇರವಾಗಲು ಗಾಜಿನ ಅಂಗಡಿಯಲ್ಲಿ 12 ಇಂಚು, 18 ಇಂಚಿನ ಒಂದು ತುಂಡು ಕೊಯ್ಸಿದೆ, ಅಂಚು ಉಜ್ಜಿಸಿ 160 ರೂಪಾಯಿ. ಕಿಟಕಿ ಪಕ್ಕ, ಬೆಳಗ್ಗೆ ಒಂಬತ್ತರ ಬೆಳಕು, ಪುಸ್ತಕಗಳ ಮೇಲೆ ಒಂದಡಿ ಎತ್ತರದಲ್ಲಿ ಫೋನು, ಫ್ಲ್ಯಾಶ್ ಇಲ್ಲ.

ಇಲ್ಲಿ ಒಂದು ತಪ್ಪು ಒಪ್ಪಿಕೊಳ್ಳಬೇಕು. ನಾಲ್ಕು ವರ್ಷದ ಹಿಂದೆ ಎಲ್ಲಕ್ಕಿಂತ ಹಳೆಯ ರಸೀತಿಯನ್ನು 'ಭದ್ರವಾಗಿರಲಿ' ಎಂದು ನಾನೇ ಒಂದು ಅಂಗಡಿಗೆ ಕೊಟ್ಟು ಲ್ಯಾಮಿನೇಷನ್ ಮಾಡಿಸಿದ್ದೆ. ಬಿಸಿಗೆ ಮಡಿಕೆಯ ಹತ್ತಿರದ ಶಾಯಿ ಹರಡಿ, ಅಲ್ಲಿದ್ದ ಎರಡು ಅಂಕಿ ಶಾಶ್ವತವಾಗಿ ಹೋಗಿವೆ. ಪ್ಲಾಸ್ಟಿಕ್ ಬಿಡಿಸಲು ಹೋದರೆ ಕಾಗದವೇ ಕಿತ್ತು ಬರುತ್ತದೆ. ದಯವಿಟ್ಟು ಯಾರೂ ಹಳೇ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ. ಸೆಲ್ಲೋಟೇಪ್ ಕೂಡ ಬೇಡ.

ಜೂನ್ 14: ಜಾತಕದ ತಾರೀಖು

ಜಾತಕದಲ್ಲಿ ಇದ್ದದ್ದು: ಸಿದ್ಧಾರ್ಥಿ ಸಂವತ್ಸರ, ಮಾಘ ಬಹುಳ ಪಂಚಮಿ. ಇಸವಿ ಬರೆದಿಲ್ಲ. ಒಂದು ವೆಬ್‌ಸೈಟಿನಲ್ಲಿ ಹಾಕಿ ನೋಡಿದೆ, 1906ರ ಸುಮಾರಿಗೆ ತೋರಿಸಿತು. ಹಾಗಿದ್ದರೆ ತಾತ ತೀರಿಕೊಂಡಾಗ ಅವರಿಗೆ ತೊಂಬತ್ತು ದಾಟಿರಬೇಕು. ಅಪ್ಪ ಒಪ್ಪಲಿಲ್ಲ.

ಅರ್ಧ ದಿನ ಕಳೆದ ಮೇಲೆ ತಪ್ಪು ಗೊತ್ತಾಯಿತು. ಅರವತ್ತು ಸಂವತ್ಸರದ ಹೆಸರು ಉತ್ತರದಲ್ಲೂ ನಮ್ಮಲ್ಲೂ ಒಂದೇ, ಆದರೆ ಎಣಿಕೆ ಬೇರೆ. ಆ ಸೈಟು ಉತ್ತರದ ಎಣಿಕೆ ಹಿಡಿದಿತ್ತು. ನಮ್ಮ ಕಡೆಯ ಲೆಕ್ಕಕ್ಕೆ ಸೈಟೇ ಬೇಡ. 1987ರ ಯುಗಾದಿಗೆ ಅರವತ್ತರಲ್ಲಿ ಮೊದಲನೆಯದಾದ ಪ್ರಭವ. ಅಲ್ಲಿಂದ ಹಿಂದಕ್ಕೆ 1927, 1867 ಕೂಡ ಪ್ರಭವ. ಹೆಸರು ಎಷ್ಟನೆಯದು ಎಂದು ಎಣಿಸಿದರೆ ಆಯಿತು. ಸಿದ್ಧಾರ್ಥಿ ಐವತ್ತಮೂರನೆಯದು, ಅಂದರೆ 1919ರ ಯುಗಾದಿಯಿಂದ 1920ರ ಯುಗಾದಿವರೆಗೆ. ಮಾಘ ಬರುವುದು ಇಂಗ್ಲಿಷ್ ವರ್ಷ ಬದಲಾದ ಮೇಲೆ. ಹಾಗಾಗಿ ತಾತ ಹುಟ್ಟಿದ್ದು 1919 ಅಲ್ಲ, 1920ರ ಫೆಬ್ರವರಿ. ಪುಷ್ಯ, ಮಾಘ, ಫಾಲ್ಗುಣ ಇದ್ದರೆ ಈ ಒಂದು ವರ್ಷದ ಎಡವಟ್ಟು ಸುಲಭವಾಗಿ ಆಗುತ್ತದೆ.

ಇಲ್ಲೇ ಮನೆಯ ಕಥೆಯೂ ಅಲುಗಾಡಿತು. 'ಮುತ್ತಾತ ದೊಡ್ಡ ಜ್ವರದಲ್ಲಿ ಹೋದರು' ಎಂದು ಅತ್ತೆ ಯಾವಾಗಲೂ ಹೇಳುತ್ತಿದ್ದರು. ದೊಡ್ಡ ಜ್ವರ ಎಂದರೆ 1918ರ ಇನ್‌ಫ್ಲುಯೆಂಜಾ ಎಂದು ನಾನು ನೋಟ್‌ಬುಕ್ಕಿನಲ್ಲಿ ಬರೆದೂ ಆಗಿತ್ತು. ಮಗ 1920ರ ಫೆಬ್ರವರಿಯಲ್ಲಿ ಹುಟ್ಟಿದ್ದರೆ ಅಪ್ಪ 1919ರ ಬೇಸಿಗೆವರೆಗಾದರೂ ಇರಲೇಬೇಕು, ಅಲ್ವಾ? ಅತ್ತೆ ಹೇಳಿದ ಜ್ವರ ಸುಳ್ಳಲ್ಲ. ಅದು ಯಾವ ಜ್ವರ ಎಂದು ನಾನು ಊಹಿಸಿದ್ದು ತಪ್ಪು. ಮಲೆನಾಡಿನಲ್ಲಿ ಮಲೇರಿಯಾ ವರ್ಷ ವರ್ಷವೂ ಇತ್ತು.

ಜೂನ್ 22ರಿಂದ ಜುಲೈ 6: ದಾರಿ ತಪ್ಪಿದ ಎರಡು ವಾರ

ಇಂಟರ್ನೆಟ್ಟಿನಲ್ಲಿ ಸಿಕ್ಕ ಬಾಗಿಲೆಲ್ಲ ತಟ್ಟಿದೆ.

ವಂಶ ಹುಡುಕುವವರ ವೆಬ್‌ಸೈಟ್ ಫ್ಯಾಮಿಲಿಸರ್ಚ್‌ನಲ್ಲಿ ಉಚಿತ ಖಾತೆ ತೆರೆದೆ. ಭಾರತದ ವಿಭಾಗದಲ್ಲಿ ಹರಿದ್ವಾರದಂಥ ಕ್ಷೇತ್ರಗಳ ಪಂಡಾಗಳು, ಅಂದರೆ ಅಲ್ಲಿನ ಪುರೋಹಿತರು, ಯಾತ್ರಿಕರ ವಂಶ ಬರೆದಿಟ್ಟ ವಹಿಗಳಿವೆ. ನೋಡಲು ಬಹಳ ಚೆನ್ನಾಗಿವೆ. ಆದರೆ ನಮ್ಮ ಮನೆಯವರು ಹೋಗುತ್ತಿದ್ದದ್ದು ಧರ್ಮಸ್ಥಳಕ್ಕೆ, ಹರಿದ್ವಾರಕ್ಕಲ್ಲ. ಬ್ರಿಟಿಷರ ಬ್ಯಾಪ್ಟಿಸಂ, ಮದುವೆ, ಸಮಾಧಿ ದಾಖಲೆಗಳಿಗೆ ಇಂಡಿಯಾ ಆಫೀಸ್ ರಿಜಿಸ್ಟರುಗಳು ಸ್ಕ್ಯಾನ್ ಆಗಿವೆ. ಕಾಫಿ ತೋಟದ ದೊರೆಗಳ ವಂಶದವರು ಹುಡುಕಿದರೆ ಅಲ್ಲಿ ಏನಾದರೂ ಸಿಗುತ್ತದೆ. ಅದೇ ತೋಟದಲ್ಲಿ ಗಿಡ ನೆಟ್ಟವರ ಹೆಸರು ಅಲ್ಲಿ ಇಲ್ಲ. ಇದನ್ನು ನೋಡಿ ಬೇಜಾರಾಯಿತು.

ರಾಷ್ಟ್ರೀಯ ಪತ್ರಾಗಾರದ ವೆಬ್‌ಸೈಟ್ ಅಭಿಲೇಖ್ ಪಟಲ್‌ನಲ್ಲಿ ಮಂಜರಾಬಾದ್ ಎಂದು ಹುಡುಕಿದೆ. ಸಿಕ್ಕಿದ್ದು ಸರ್ಕಾರದ ಕಾಗದ, ಖಾತೆದಾರರ ಹೆಸರಲ್ಲ. ಜನಗಣತಿಯಲ್ಲಿ ಮನೆಮನೆಯ ಹೆಸರು ಇರಬೇಕಲ್ಲ ಎಂದುಕೊಂಡಿದ್ದೆ. ನಮ್ಮ ದೇಶದ ಹಳೇ ಜನಗಣತಿಯಲ್ಲಿ ಹೆಸರಿನ ಹಾಳೆ ಸಿಗುವುದಿಲ್ಲ, ಒಟ್ಟು ಲೆಕ್ಕ ಮಾತ್ರ ಸಿಗುತ್ತದೆ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ (ಇ.ಸಿ.) ನೋಡಿದೆ. ಅಲ್ಲಿ ಕಂಪ್ಯೂಟರಿಗೆ ಬಂದಿರುವುದು 2004ರಿಂದ ಈಚಿನದು.

ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಐದನೇ ಸಂಪುಟ ಹಾಸನ ಜಿಲ್ಲೆಯದು, 1902ರದ್ದು. ಇಂಟರ್ನೆಟ್ ಆರ್ಕೈವ್‌ನಲ್ಲಿ ಇದೆ. ವಂಶಕ್ಕೆ ಬೇಕಾದದ್ದು ಅದರಲ್ಲಿ ಇರಲಿಲ್ಲ, ಆದರೆ ಒಂದು ದೊಡ್ಡ ಉಪಕಾರ ಆಯಿತು. ಶಾಸನಗಳನ್ನು ತಾಲ್ಲೂಕಿನ ಪ್ರಕಾರ ಜೋಡಿಸಿದ್ದಾರೆ, ಅದರಲ್ಲಿ ಸಕಲೇಶಪುರ ತಾಲ್ಲೂಕು ಎಂಬುದೇ ಇಲ್ಲ. ಆಗ ಅದರ ಹೆಸರು ಮಂಜರಾಬಾದ್ ತಾಲ್ಲೂಕು. ಅಪ್ಪ ಹೇಳುತ್ತಿದ್ದ 'ಮಂಜರಾಬಾದ್ ಕಡೆ' ಎಂದರೆ ಕೋಟೆಯ ಸುತ್ತಮುತ್ತ ಎಂದು ನಾನು ತಿಳಿದಿದ್ದೆ. ಅದು ಇಡೀ ತಾಲ್ಲೂಕು. ಹಾಗೆಯೇ ಚಿಕ್ಕಮಗಳೂರಿನವರು 1947ಕ್ಕಿಂತ ಹಿಂದಿನದನ್ನು ಹುಡುಕುವುದಾದರೆ ಕಡೂರು ಜಿಲ್ಲೆ ಎಂದೇ ಹುಡುಕಬೇಕು. ಇಂಗ್ಲಿಷ್ ಪುಸ್ತಕದಲ್ಲಿ ಮಂಜರಾಬಾದ್‌ಗೆ ಮುಂಜೇರಾಬಾದ್ ಎನ್ನುವಂತೆಯೂ ಕಾಗುಣಿತ ಇರುತ್ತದೆ. ಎರಡೂ ಬಗೆಯಲ್ಲಿ ಹಾಕಿ ನೋಡಿ.

ಜುಲೈ 13: ಊರು ಸಿಕ್ಕಿತು

ಕ್ರಯಪತ್ರದಲ್ಲಿ ಊರಿನ ಹೆಸರು ಸ್ಪಷ್ಟವಾಗಿತ್ತು. ಗೂಗಲ್ ಮ್ಯಾಪಿನಲ್ಲಿ ಇಲ್ಲ. ಆ ಕಡೆ ಬಸ್ಸಿನಲ್ಲಿ ಓಡಾಡುವವರಿಗೂ ಗೊತ್ತಿಲ್ಲ. ಕೊನೆಗೆ ಭೂಮಿ ವೆಬ್‌ಸೈಟಿನ ಪಹಣಿ ಪುಟಕ್ಕೆ ಹೋಗಿ ಜಿಲ್ಲೆ, ತಾಲ್ಲೂಕು ಆರಿಸಿ, ಒಂದೊಂದೇ ಹೋಬಳಿ ತೆಗೆದು ಗ್ರಾಮಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದೆ. ಮೂರನೇ ಹೋಬಳಿಯಲ್ಲಿ ಇತ್ತು! ಕ್ರಯಪತ್ರದಲ್ಲಿ ಬರೆದ ಹೋಬಳಿ ಬೇರೆ, ಈಗಿನದು ಬೇರೆ. ಮೊದಲು ಪತ್ರದ ಹೋಬಳಿ ನಂಬಿ ಅದೊಂದನ್ನೇ ನೋಡಿ ಬಿಟ್ಟಿದ್ದರಿಂದ ಒಂದು ವಾರ ಹೋಯಿತು.

ಊರು ಯಾಕೆ ಯಾರಿಗೂ ಗೊತ್ತಿಲ್ಲ ಎಂಬುದಕ್ಕೆ ಉತ್ತರ ಜಿಲ್ಲಾ ಜನಗಣತಿ ಕೈಪಿಡಿಯಲ್ಲಿ ಸಿಕ್ಕಿತು. ಹಳೇ ಕೈಪಿಡಿಗಳ ಸ್ಕ್ಯಾನ್ ಜನಗಣತಿ ಇಲಾಖೆಯ ಸೈಟಿನಲ್ಲಿವೆ. 1971ರದ್ದನ್ನು ಹುಡುಕುವಾಗ ರಾಜ್ಯದ ಹೆಸರು ಮೈಸೂರು ಎಂದು ಹಾಕಬೇಕು, ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಗ್ರಾಮಗಳ ಪಟ್ಟಿಯಲ್ಲಿ ನಮ್ಮ ಊರಿನ ಮುಂದೆ ಜನಸಂಖ್ಯೆ ಇಲ್ಲ. ಜನವಸತಿ ಇಲ್ಲ ಎಂದು ಮಾತ್ರ ಇದೆ. ಬೇಚಿರಾಕ್ ಗ್ರಾಮ. ಪರ್ಷಿಯನ್ ಭಾಷೆಯ ಈ ಮಾತಿಗೆ ದೀಪ ಇಲ್ಲದ್ದು ಎಂದು ಅರ್ಥ. ಊರಿನಲ್ಲಿ ಮನೆ ಇಲ್ಲ, ಆದರೆ ಜಮೀನಿದೆ, ಸರ್ವೆ ನಂಬರಿದೆ, ಹಾಗಾಗಿ ಕಂದಾಯದ ಪಟ್ಟಿಯಲ್ಲಿ ಊರು ಇನ್ನೂ ಬದುಕಿದೆ. ಸಂಜೆ ಅಪ್ಪನಿಗೆ ಇದನ್ನು ಹೇಳಿದಾಗ ಅವರು ತುಂಬ ಹೊತ್ತು ಮಾತಾಡಲಿಲ್ಲ.

ಈ ಹೊತ್ತಿಗೆ ನನಗೆ ಒಂದು ಮಾತು ಖಚಿತ ಆಗಿತ್ತು. ನಮ್ಮಂಥ ಮನೆತನಗಳಲ್ಲಿ ಮನುಷ್ಯನ ಹೆಸರು ಹಿಡಿದು ಹುಡುಕಿದರೆ ಏನೂ ಸಿಗುವುದಿಲ್ಲ. ಜಮೀನಿನ ನಂಬರು ಹಿಡಿಯಬೇಕು, ಹೆಸರು ತಾನಾಗಿ ಬರುತ್ತದೆ.

ಜುಲೈ 19ರಿಂದ 26: ಕ್ರಯಪತ್ರ ಓದಿದ್ದು

ಇಡೀ ಕೆಲಸದಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟ ವಾರ ಇದು. 1911ರ ಪತ್ರ, ವಿರೋಧಿಕೃತ್ ಸಂವತ್ಸರ. ಶಾನುಭೋಗರ ಮೋಡಿ ಅಕ್ಷರ (ಕೂಡಿಸಿ ಬೇಗ ಬರೆಯುವ ಕೈಬರಹ), ಪದಗಳ ನಡುವೆ ಜಾಗವೇ ಇಲ್ಲ, ಶಾಯಿ ಕಂದು ಬಣ್ಣಕ್ಕೆ ತಿರುಗಿದೆ. ಗೂಗಲ್ ಲೆನ್ಸ್ ಅಚ್ಚಿನ ಕನ್ನಡ ಓದುತ್ತದೆ, ಇದನ್ನು ಓದಲಿಲ್ಲ.

ಮೊದಲು ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಫೋಟೋವನ್ನು ಕೆಂಪು, ಹಸಿರು, ನೀಲಿ ಎಂದು ಮೂರು ಪದರ ಮಾಡಿದೆ. ಕೆಂಪಿನಲ್ಲಿ ನೀರಿನ ಕಲೆ ಹೋಯಿತು, ಶಾಯಿಯೂ ಮಂಕಾಯಿತು. ನೀಲಿಯಲ್ಲಿ ಶಾಯಿ ಕಪ್ಪಗೆ ಎದ್ದಿತು, ಕಲೆಯೂ ಎದ್ದಿತು. ಕಲೆ ಇಲ್ಲದ ಜಾಗಕ್ಕೆ ನೀಲಿ, ಕಲೆ ಇರುವ ಜಾಗಕ್ಕೆ ಹಸಿರು ಇಟ್ಟುಕೊಂಡೆ. ಎ3 ಹಾಳೆಯಲ್ಲಿ ಎರಡೂ ಪ್ರಿಂಟ್ ತೆಗೆಸಿದೆ.

ಆಮೇಲೂ ಹೆಸರುಗಳು ಓದಲು ಬರಲಿಲ್ಲ. ದಾರಿ ತೋರಿಸಿದ್ದು ಪಕ್ಕದ ಬೀದಿಯ ನಿವೃತ್ತ ಶಿರಸ್ತೇದಾರರು. ಅವರು ಹೆಸರಿದ್ದ ಸಾಲನ್ನು ನೋಡಲೇ ಇಲ್ಲ. ಪತ್ರದ ಕೊನೆಗೆ ಬೆರಳಿಟ್ಟು, 'ಇಲ್ಲಿ ನಿಧಿ ನಿಕ್ಷೇಪ ಜಲ ಪಾಷಾಣ ಅಂತ ಇರ್ಲೇಬೇಕು. ಅದನ್ನ ಮೊದ್ಲು ಹುಡುಕಿ' ಎಂದರು.

ಹಳೇ ಕ್ರಯಪತ್ರಗಳಲ್ಲಿ ಈ ಸಾಲು ಸಾಮಾನ್ಯವಾಗಿ ಇರುತ್ತದೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗ, ಅಂದರೆ ಜಮೀನಿನ ಮೇಲಿನ ಎಂಟು ಬಗೆಯ ಹಕ್ಕು. ಏನು ಬರೆದಿದ್ದಾರೆ ಎಂಬುದು ಮೊದಲೇ ಗೊತ್ತಿರುವುದರಿಂದ, ಈ ಶಾನುಭೋಗರು 'ಧ' ಹೇಗೆ ಬರೆಯುತ್ತಾರೆ, 'ಕ್ಷ' ಹೇಗೆ ಸುತ್ತುತ್ತಾರೆ, 'ಗ'ಕ್ಕೂ 'ಸ'ಕ್ಕೂ ಏನು ವ್ಯತ್ಯಾಸ ಎಂಬುದು ಅಲ್ಲೇ ಗೊತ್ತಾಗುತ್ತದೆ. ಆ ಅಕ್ಷರಗಳನ್ನು ಒಂದೊಂದಾಗಿ ಕತ್ತರಿಸಿ ಒಂದು ಹಾಳೆಗೆ ಅಂಟಿಸಿದೆ, ಮಗ್ಗಿ ಹಾಳೆಯ ಹಾಗೆ. ಆರು ಸಂಜೆ ಕೂತೆ. ಇಪ್ಪತ್ತೊಂಬತ್ತು ಅಕ್ಷರ ಸೇರಿದವು. ಆಮೇಲೆ ಮೇಲಿನ ಸಾಲಿಗೆ ಹೋದರೆ ಮುತ್ತಾತನ ಹೆಸರು, ಅದರ ಮುಂದೆ 'ಬಿನ್', ಅದರ ಮುಂದೆ ಅವರ ಅಪ್ಪನ ಹೆಸರು ಸಲೀಸಾಗಿ ಬಂತು. ಬಿನ್ ಎಂದರೆ ಮಗ, ಕೋಂ ಎಂದರೆ ಹೆಂಡತಿ. ಇಡೀ ಕಂದಾಯ ದಾಖಲೆಯಲ್ಲಿ ವಂಶ ಕಟ್ಟಲು ಈ ಎರಡು ಪದ ಸಾಕು.

ಒಂದು ಎಚ್ಚರಿಕೆ. ನಮ್ಮಲ್ಲಿ ತಾತನ ಹೆಸರನ್ನೇ ಮೊಮ್ಮಗನಿಗೆ ಇಡುತ್ತಾರೆ. ಒಂದೇ ಹೆಸರು ಒಂದು ತಲೆ ಬಿಟ್ಟು ಒಂದು ತಲೆಗೆ ಬರುತ್ತದೆ. ಹೆಸರೊಂದನ್ನೇ ನೋಡಿ ಇವರೇ ಎಂದು ಗುರುತು ಹಾಕಬೇಡಿ. ಬಿನ್ ಸಮೇತ ನೋಡಿ.

ಆಗಸ್ಟ್: 49 ಅಲ್ಲ, 46

ನನ್ನ ದೊಡ್ಡ ತಪ್ಪು. ಹೆಸರಿನ ಖುಷಿಯಲ್ಲಿ ಸರ್ವೆ ನಂಬರನ್ನು ಒಂದೇ ಸಲ ನೋಡಿ 49 ಎಂದು ಬರೆದುಕೊಂಡೆ. ಕನ್ನಡದ ೬ ಮತ್ತು ೯ ಕೈಬರಹದಲ್ಲಿ ಎಷ್ಟು ಹತ್ತಿರ ಎಂದು ಆಗ ಯೋಚಿಸಲಿಲ್ಲ.

ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮ್ ಕಡತಗಳನ್ನು ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಸ್ಕ್ಯಾನ್ ಆದ ಕಡತಕ್ಕೆ ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ಆಗಸ್ಟ್ 3ರಂದು 49ನೇ ನಂಬರಿನ ಹಳೇ ರೆಕಾರ್ಡ್ ಆಫ್ ರೈಟ್ಸ್‌ಗೆ, ಅಂದರೆ ಜಮೀನಿನ ಹಕ್ಕು ಯಾರದು ಎಂಬ ದಾಖಲೆಗೆ, ಅರ್ಜಿ ಹಾಕಿದೆ. ಬಂತು. ಅದರಲ್ಲಿ ನಮ್ಮವರ ಹೆಸರಿಲ್ಲ. ಆದರೂ ನಾನು ಬಿಡಲಿಲ್ಲ. ಅದರಲ್ಲಿದ್ದ ಒಬ್ಬರು ಮುತ್ತಾತನ ಅಣ್ಣ ಇರಬಹುದು ಎಂದು ಊಹಿಸಿಕೊಂಡು, ಒಂದು ವಾರ ಬೇರೆ ಯಾರದೋ ವಂಶವೃಕ್ಷ ಬರೆದೆ. ಅತ್ತೆಗೆ ಫೋನ್ ಮಾಡಿ 'ನಿಮಗೊಬ್ಬ ದೊಡ್ಡ ತಾತ ಇದ್ದರು' ಎಂದು ಹೇಳಿಯೂ ಬಿಟ್ಟೆ. ಆಮೇಲೆ ಅದನ್ನು ವಾಪಸ್ ತೆಗೆದುಕೊಳ್ಳುವಾಗ ನಿಜವಾಗಿ ಕಷ್ಟವಾಯಿತು.

ಮತ್ತೆ ಶಿರಸ್ತೇದಾರರ ಹತ್ತಿರ ಹೋದೆ. 'ಅಂಕಿ ಒಂದನ್ನೇ ನಂಬ್ಬೇಡಿ. ಚೆಕ್ಕುಬಂದಿ ಏನಿದೆ ಓದಿ' ಎಂದರು. ಚೆಕ್ಕುಬಂದಿ ಎಂದರೆ ಜಮೀನಿನ ನಾಲ್ಕೂ ಕಡೆಯ ಗಡಿ. ಪತ್ರದಲ್ಲಿ ಪೂರ್ವಕ್ಕೆ ಹಳ್ಳ, ಉತ್ತರಕ್ಕೆ ಬಂಡಿ ಜಾಡು. ವಿಸ್ತೀರ್ಣ 2 ಎಕರೆ 13 ಗುಂಟೆ. ಗ್ರಾಮ ನಕ್ಷೆಯ ಪಿಡಿಎಫ್ ಇಳಿಸಿಕೊಂಡು ನೋಡಿದರೆ 49ರ ಹತ್ತಿರ ಹಳ್ಳವೇ ಇಲ್ಲ. ಸರ್ವೆ ನಂಬರುಗಳ ವಿಸ್ತೀರ್ಣದ ಪಟ್ಟಿಯಾದ ಆಕಾರಬಂದ್‌ನಲ್ಲಿ 49ಕ್ಕೆ 5 ಎಕರೆ ಚಿಲ್ಲರೆ. 46ಕ್ಕೆ ಸರಿಯಾಗಿ 2 ಎಕರೆ 13 ಗುಂಟೆ, ಪೂರ್ವಕ್ಕೆ ಹಳ್ಳ. ಇದನ್ನು ಮೊದಲ ದಿನವೇ ಮಾಡಿದ್ದರೆ ಇಪ್ಪತ್ತು ನಿಮಿಷದ ಕೆಲಸ.

ಆಗಸ್ಟ್ 17ರಂದು 46ಕ್ಕೆ ಎರಡನೇ ಅರ್ಜಿ ಹಾಕಿದೆ.

ಸೆಪ್ಟೆಂಬರ್ 7: ಹೆಸರು

ಪಿಡಿಎಫ್ ಬಂತು. ಎರಡು ಪುಟ, ಒಂದರ ಮೂಲೆ ಹರಿದಿದೆ. ಬರೆದಿರುವುದು 1930ರ ದಶಕದಲ್ಲಿ. ಹಕ್ಕುದಾರರ ಕಾಲಂನಲ್ಲಿ ತಾತನ ಹೆಸರು, ಬಿನ್ ಮುತ್ತಾತ. ಪಕ್ಕದಲ್ಲಿ ಮೈನರ್ ಎಂದು ಬರೆದು, ಕೆಳಗೆ ಪೋಷಕಿ ತಾಯಿ ಎಂದು ಒಂದು ಹೆಸರು, ಕೋಂ ಮುತ್ತಾತ. ಹಕ್ಕು ಹೇಗೆ ಬಂತು ಎಂಬ ಕಾಲಂನಲ್ಲಿ ಪೌತಿ, ಅಂದರೆ ಖಾತೆದಾರ ತೀರಿಕೊಂಡದ್ದರಿಂದ.

ಮುತ್ತಜ್ಜಿಯ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಹುಟ್ಟುವ ಮೊದಲೇ ಅವರು ಹೋಗಿದ್ದರು. ಅತ್ತೆಗೆ ಫೋನ್ ಮಾಡಿ, ಈ ಸಲ ಮೂರು ಸಲ ಓದಿ ನೋಡಿಕೊಂಡೇ ಹೇಳಿದೆ. ಅತ್ತೆ ಆ ಹೆಸರನ್ನು ಒಂದೆರಡು ಸಲ ಬಾಯಲ್ಲಿ ಅಂದುಕೊಂಡರು. 'ಅವ್ಳನ್ನ ಯಾರು ಹೆಸರು ಹಿಡ್ದು ಕರೆದ್ರು ಮಗಾ? ಎಲ್ರಿಗೂ ಅವ್ವನೇ' ಎಂದರು. ಮಾರನೇ ದಿನ ಅವರೇ ಫೋನ್ ಮಾಡಿ, ಪಿತೃಪಕ್ಷದಲ್ಲಿ ಎಡೆ ಇಡುವಾಗ ಆ ಹೆಸರು ಹೇಳಬೇಕು, ಸರಿಯಾಗಿ ಬರೆದು ಕಳಿಸು ಎಂದು ಕೇಳಿದರು. ದೊಡ್ಡ ಅಕ್ಷರದಲ್ಲಿ ಬರೆದು ವಾಟ್ಸಾಪ್ ಮಾಡಿದೆ.

ಮುತ್ತಾತ ಹೋದ ವರ್ಷಕ್ಕೆ ಇಲ್ಲಿಗೇ ನಿಂತೆ. 1919ರ ಬೇಸಿಗೆ ಆದ ಮೇಲೆ, ಈ ದಾಖಲೆ ಬರೆಯುವ ಮೊದಲು. ಅಷ್ಟೇ ಹೇಳಬಹುದು. 1926ರ ಕಂದಾಯ ರಸೀತಿ ಅವರ ಹೆಸರಿನಲ್ಲಿದೆ, ಆದರೆ ಅದು ಸಾಕ್ಷಿ ಆಗುವುದಿಲ್ಲ. ಖಾತೆ ಬದಲಾಗುವವರೆಗೆ ರಸೀತಿ ಹೋದವರ ಹೆಸರಿನಲ್ಲೇ ಬರುತ್ತದೆ. ಈಗಲೂ ಎಷ್ಟೋ ಪಹಣಿಗಳಲ್ಲಿ ತಾತ, ಮುತ್ತಾತಂದಿರೇ ಇದ್ದಾರಲ್ಲ.

ನವೆಂಬರ್ 2: ಜಾಗ

ಮಳೆ ನಿಲ್ಲುವವರೆಗೆ ಕಾದೆವು. ಅಪ್ಪ, ನಾನು, ತಮ್ಮ ಕಾರಿನಲ್ಲಿ ಹೋದೆವು. ರಸ್ತೆ ಮುಗಿದ ಮೇಲೆ ಒಂದೂವರೆ ಕಿಲೋಮೀಟರ್ ಕಾಫಿ ತೋಟಗಳ ನಡುವೆ ನಡಿಗೆ. ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಮೊದಲ ಸಲ 45 ತೋರಿಸಿತು, ಹತ್ತು ಹೆಜ್ಜೆ ಮುಂದೆ ಹೋದರೆ 46, ಮತ್ತೆ 45. ಮರದ ಕೆಳಗೆ ಸಿಗ್ನಲ್ ಅಲುಗಾಡುತ್ತದೆ. ಬಯಲಿಗೆ ಬಂದು ಎರಡು ನಿಮಿಷ ಸುಮ್ನೆ ನಿಂತ ಮೇಲೆ 46 ಗಟ್ಟಿಯಾಯಿತು. ಅಲ್ಲಿ ನೆಟ್‌ವರ್ಕ್ ಬರುವುದು ಕಡಿಮೆ, ಗ್ರಾಮ ನಕ್ಷೆ ಪ್ರಿಂಟ್ ಮಾಡಿಕೊಂಡು ಹೋಗಿದ್ದು ಒಳ್ಳೆಯದಾಯಿತು.

ಜಮೀನು ಈಗ ದಾಯಾದಿಗಳದ್ದು, ಎರಡು ಹಿಸ್ಸೆ ಆಗಿದೆ. ಮೊದಲೇ ಅವರಿಗೆ ಫೋನ್ ಮಾಡಿ ಹೇಳಿದ್ದೆ. ಹೇಳದೆ ನಕ್ಷೆ ಹಿಡಿದು ಹೋದರೆ ಪಾಲು ಕೇಳಲು ಬಂದರು ಎಂದುಕೊಳ್ಳುತ್ತಾರೆ. ಅವರ ಮನೆಯ ಹುಡುಗನೇ ಜೊತೆಗೆ ಬಂದು ಹಳ್ಳದ ಪಕ್ಕದ ಗಡಿ ಕಲ್ಲು ತೋರಿಸಿದ. ಬಂಡಿ ಜಾಡು ಈಗ ತೋಟದ ದಾರಿ. ಅಪ್ಪ ಕಲ್ಲಿನ ಮೇಲಿನ ಪಾಚಿ ಕೈಯಲ್ಲೇ ಉಜ್ಜಿದರು.

ಖರ್ಚು: ಗಾಜು 160, ಚಾರ್ಟ್ 10, ಎ3 ಪ್ರಿಂಟ್ 120, ಎರಡು ಅರ್ಜಿ ಮತ್ತು ಪ್ರತಿಗಳು ಸೇರಿ 310, ಪೆಟ್ರೋಲ್ 900. ಒಟ್ಟು 1,500 ರೂಪಾಯಿ. ಎಲ್ಲ ಸ್ಕ್ಯಾನುಗಳನ್ನು ಇಸವಿ, ಊರು, ಸರ್ವೆ ನಂಬರು, ಕಾಗದದ ಬಗೆ ಎಂಬ ಕ್ರಮದಲ್ಲಿ ಹೆಸರಿಟ್ಟು ಮೂರು ಕಡೆ ಉಳಿಸಿದ್ದೇನೆ: ನನ್ನ ಲ್ಯಾಪ್‌ಟಾಪ್, ತಮ್ಮನ ಡ್ರೈವ್, ಅತ್ತೆಯ ಮಗಳ ಪೆನ್‌ಡ್ರೈವ್.

ಮುಂದಿನ ಅರ್ಜಿ 45ನೇ ನಂಬರಿಗೆ. 46ರ ಪತ್ರದ ಚೆಕ್ಕುಬಂದಿಯಲ್ಲಿ ದಕ್ಷಿಣಕ್ಕೆ ಮುತ್ತಜ್ಜಿಯ ತವರಿನವರ ಜಮೀನು ಎಂದು ಓದಿದಂತಿದೆ. ಆ ಸಾಲಿನಲ್ಲಿ ಮಡಿಕೆ ಬಿದ್ದಿದೆ, ಎರಡು ಅಕ್ಷರ ಇನ್ನೂ ನನ್ನ ಮಗ್ಗಿ ಹಾಳೆಯಲ್ಲಿ ಇಲ್ಲ.